ಅಚ್ಚಾದ ಹಾಳೆ ಪೇರಿಸಿ ಕಟ್ಟು ಕಟ್ಟುವ ಯಂತ್ರಗಳು: ಹಂತ ಹಂತವಾಗಿ ಬಳಸುವ ಬಗೆ

ಮಷಿನ್ ನಿಂತಿದೆ. ಹತ್ತು ಸಾವಿರ ಹಾಳೆ ಡೆಲಿವರಿಯಲ್ಲಿ, ಅಂದರೆ ಅಚ್ಚಾದ ಹಾಳೆ ಬಂದು ಬೀಳುವ ತುದಿಯಲ್ಲಿ, ಕೂತಿದೆ. ಬಣ್ಣ ಚೆನ್ನಾಗಿ ಬಂದಿದೆ, ರಿಜಿಸ್ಟರ್ (ಬಣ್ಣದ ಮೇಲೆ ಬಣ್ಣ ಕೂರುವ ಹೊಂದಿಕೆ) ಸರಿಯಾಗಿದೆ. ಇನ್ನೇನು ಕೆಲಸ ಮುಗಿಯಿತು ಅನಿಸುತ್ತದೆ, ಅಲ್ವಾ? ಆದರೆ ಅಚ್ಚಾದ ಮಾಲು ಕೆಡುವುದು ಜಾಸ್ತಿ ಇಲ್ಲಿಂದ ಮುಂದೆಯೇ. ಒಂದು ಹಾಳೆಯ ಮಸಿ ಇನ್ನೊಂದರ ಬೆನ್ನಿಗೆ ಅಂಟುತ್ತದೆ. ಕಟಿಂಗ್‌ನಲ್ಲಿ ಅಂಚು ಓರೆಯಾಗುತ್ತದೆ. ಐವತ್ತರ ಕಟ್ಟಿನಲ್ಲಿ ನಲವತ್ತೆಂಟು ಸಿಗುತ್ತದೆ. ಪಟ್ಟಿ ಬಿಗಿದ ಕಡೆ ಮೇಲಿನ ನಾಲ್ಕು ಹಾಳೆ ಹರಿದಿರುತ್ತದೆ. ಇದ್ಯಾವುದೂ ಅಚ್ಚಿನ ತಪ್ಪಲ್ಲ, ಪೇರಿಸುವಾಗ ಮತ್ತು ಕಟ್ಟುವಾಗ ಆಗುವ ತಪ್ಪು.

ಈ ಕೆಲಸಕ್ಕೆ ಬರುವ ಎಲ್ಲರಿಗೂ ನಾನು ಮೊದಲ ದಿನ ಹೇಳುವುದು ಒಂದೇ ಮಾತು: ಗಾಳಿಯ ಕಡೆ ಗಮನ ಕೊಡಿ. ಎರಡು ಹಾಳೆಗಳ ನಡುವೆ ಕಣ್ಣಿಗೆ ಕಾಣದ ತೆಳು ಗಾಳಿ ಇರುತ್ತದೆ. ಮಸಿ ಒಣಗುವ ತನಕ ಅದು ಇರಬೇಕು. ಹಾಳೆ ಜೋಡಿಸುವಾಗ ಇನ್ನಷ್ಟು ಬೇಕು. ಜೋಡಿಸಿ ಆದ ಮೇಲೆ ಪೂರ್ತಿ ಹೊರಗೆ ಹೋಗಬೇಕು. ಮುಂದೆ ಬರುವ ಯಂತ್ರಗಳೆಲ್ಲ ಒಂದೋ ಗಾಳಿ ತುಂಬುತ್ತವೆ, ಇಲ್ಲ ಗಾಳಿ ತೆಗೆಯುತ್ತವೆ. ಯಾವ ಹಂತದಲ್ಲಿ ಯಾವುದು ಎಂದು ತಿಳಿದರೆ ಯಂತ್ರದ ಬಟನ್ ಕಲಿಯುವುದು ಕಷ್ಟವಲ್ಲ.

ಮೊದಲು ಡೆಲಿವರಿಯಲ್ಲೇ ಅಟ್ಟಿ ಸರಿಯಾಗಿ ಬೀಳಲಿ

ಶೀಟ್ ಆಫ್‌ಸೆಟ್ ಮಷಿನ್‌ನಲ್ಲಿ ಚೈನಿಗೆ ಕೂಡಿಸಿದ ಗ್ರಿಪ್ಪರ್‌ಗಳು ಹಾಳೆಯನ್ನು ಎಳೆದು ತಂದು ಅಟ್ಟಿಯ ಮೇಲೆ ಬಿಡುತ್ತವೆ. ಗಂಟೆಗೆ 10,000 ಹಾಳೆ ಓಡುತ್ತಿದ್ದರೆ ಸೆಕೆಂಡಿಗೆ ಹೆಚ್ಚುಕಮ್ಮಿ ಮೂರು ಹಾಳೆ ಬೀಳುತ್ತದೆ. ಅಷ್ಟು ಹೊತ್ತಿನಲ್ಲಿ ಹಾಳೆಯ ಓಟ ತಗ್ಗಬೇಕು, ಅದು ಮಟ್ಟಸವಾಗಿ ಇಳಿಯಬೇಕು, ಬದಿಯ ತಟ್ಟು ಪಟ್ಟಿಗಳು ಅದನ್ನು ಸಾಲಿಗೆ ತರಬೇಕು.

ಇಲ್ಲಿ ನೋಡಬೇಕಾದ್ದು ನಾಲ್ಕು. ಒಂದು, ಹಾಳೆಯ ಬಾಲ ಹಿಡಿದು ಓಟ ತಗ್ಗಿಸುವ ಹೀರು ರೋಲರ್‌ಗಳು. ಇವು ಹಾಳೆಯಲ್ಲಿ ಅಚ್ಚಿಲ್ಲದ ಜಾಗದ ಮೇಲೆ ಇರಲಿ. ಹೀರುವುದು ಜಾಸ್ತಿಯಾದರೆ ಹಸಿ ಮಸಿಯ ಮೇಲೆ ಗೆರೆ ಬೀಳುತ್ತದೆ, ಕಡಿಮೆಯಾದರೆ ಹಾಳೆ ಮುಂದಿನ ತಡೆಗೆ ಹೋಗಿ ಬಡಿದು ತುದಿ ಮಡಚುತ್ತದೆ. ಎರಡು, ಮೇಲಿಂದ ಊದುವ ಫ್ಯಾನ್‌ಗಳು. ತೆಳು ಹಾಳೆ ಗಾಳಿಯ ಮೇಲೆ ತೇಲುತ್ತಾ ಓಲಾಡುತ್ತದೆ. ಅದಕ್ಕೆ ನಡುವಿನ ಫ್ಯಾನ್ ಸ್ವಲ್ಪ ಜೋರಾಗಿರಬೇಕು, ಆಗ ಹಾಳೆ ನಡುವಿಂದ ಅಂಚಿನ ಕಡೆಗೆ ನೆಲೆಸುತ್ತದೆ. ಮೂರು, ಗ್ರಿಪ್ಪರ್ ಹಾಳೆಯನ್ನು ಬಿಡುವ ಹೊತ್ತು. ವೇಗ ಬದಲಿಸಿದಾಗ ಇದನ್ನೂ ಮತ್ತೆ ನೋಡಿಕೊಳ್ಳಿ. ನಾಲ್ಕು, ಬದಿಯ ತಟ್ಟು ಪಟ್ಟಿ. ಪೂರ್ತಿ ಒಳಗೆ ಬಂದಾಗ ಅದು ಹಾಳೆಯನ್ನು ಮುಟ್ಟಿದರೆ ಸಾಕು. ಹಾಳೆ ಬಾಗುವಷ್ಟು ಒತ್ತಿದರೆ ಆ ಅಂಚು ಮುಂದೆ ಎಲ್ಲ ಯಂತ್ರದಲ್ಲೂ ಕಾಟ ಕೊಡುತ್ತದೆ.

ಒಂದು ಅಭ್ಯಾಸ ಮಾಡಿಕೊಳ್ಳಿ. ಐನೂರು ಹಾಳೆ ಬಿದ್ದ ಮೇಲೆ ಬಗ್ಗಿ, ಅಟ್ಟಿಯ ಬದಿಗೆ ಕಣ್ಣು ಸಮ ಮಾಡಿ ನೋಡಿ. ಅಂಚು ಇಟ್ಟಿಗೆ ಗೋಡೆಯ ಹಾಗೆ ನೇರ ಇರಬೇಕು. ಅಲ್ಲಲ್ಲಿ ನಾಲಿಗೆ ಚಾಚಿದ ಹಾಗೆ ಒಂದೊಂದು ಹಾಳೆ ಹೊರಗೆ ಬಂದಿದ್ದರೆ ಫ್ಯಾನ್ ಅಥವಾ ತಟ್ಟು ಪಟ್ಟಿ ಸರಿಯಿಲ್ಲ. ಅಟ್ಟಿಯ ಒಂದು ಪಕ್ಕ ಎತ್ತರವಾಗುತ್ತಾ ಹೋದರೆ ಆ ಪಕ್ಕ ಮಸಿ ಜಾಸ್ತಿ ಇದೆ, ಇಲ್ಲ ಕಾಗದದ ಅಂಚು ತೇವ ಹೀರಿ ಅಲೆಯಾಗಿದೆ. ಹಾಗೇ ಬಿಟ್ಟರೆ ಎರಡು ಸಾವಿರದ ಹೊತ್ತಿಗೆ ಅಟ್ಟಿ ವಾಲುತ್ತದೆ.

ಮಸಿ ಅಂಟದಿರಲಿ ಎಂದು ಹೊಡೆಯುವ ಪೌಡರ್ ಕೂಡ ಗಾಳಿಯ ಕೆಲಸವನ್ನೇ ಮಾಡುತ್ತದೆ. ಪಿಷ್ಟದ ಸಣ್ಣ ಕಣಗಳು ಹಾಳೆಗಳ ನಡುವೆ ಕಂಬಗಳ ಹಾಗೆ ನಿಂತು ಜಾಗ ಉಳಿಸುತ್ತವೆ. ತೆಳು ಹಾಳೆಗೆ ಸಣ್ಣ ಕಣ, ದಪ್ಪ ಹಾಳೆಗೆ ದಪ್ಪ ಕಣ ಬೇಕು. ಭಯಪಟ್ಟು ಸುಮ್ನೆ ಜಾಸ್ತಿ ಹೊಡೆಯಬೇಡಿ. ಮುಂದೆ ಲ್ಯಾಮಿನೇಷನ್ ಇದ್ದರೆ ಫಿಲ್ಮ್ ಕೆಳಗೆ ಚುಕ್ಕಿ ಚುಕ್ಕಿಯಾಗಿ ಕಾಣುತ್ತದೆ, ಕೈಗೆ ಹಾಳೆ ಮರಳು ಮರಳಾಗಿ ಸಿಗುತ್ತದೆ.

ಒಣಗುವ ತನಕ ಮುಟ್ಟಬೇಡಿ

ಅಟ್ಟಿ ಎಷ್ಟು ತೂಕ ಹೊರುತ್ತಿದೆ ಎಂದು ಒಮ್ಮೆ ಲೆಕ್ಕ ಹಾಕಿ. 70 × 100 ಸೆಂ.ಮೀ. ಹಾಳೆ ಎಂದರೆ 0.7 ಚದರ ಮೀಟರ್. 130 ಜಿಎಸ್‌ಎಂ (ಒಂದು ಚದರ ಮೀಟರಿಗೆ 130 ಗ್ರಾಂ) ಕಾಗದವಾದರೆ ಒಂದು ಹಾಳೆ 91 ಗ್ರಾಂ, ಸಾವಿರ ಹಾಳೆ 91 ಕಿಲೋ. ಈ ಕಾಗದದ ಹೊಳಪು ಹಾಳೆ ಸುಮಾರು 0.1 ಮಿ.ಮೀ. ದಪ್ಪ. ಹಾಗಾಗಿ ಒಂದು ಮೀಟರ್ ಎತ್ತರದ ಅಟ್ಟಿಯಲ್ಲಿ ಹತ್ತಿರ ಹತ್ತಿರ 10,000 ಹಾಳೆ, 900 ಕಿಲೋಗೂ ಮೇಲೆ ತೂಕ. ಅಷ್ಟೂ ಭಾರ ಅಡಿಯ ಹಾಳೆಯ ಹಸಿ ಮಸಿಯ ಮೇಲೆ ಕೂತಿರುತ್ತದೆ. ಗಾಢ ಬಣ್ಣ ತುಂಬಿದ ಕೆಲಸವನ್ನು ಎತ್ತರದ ಅಟ್ಟಿ ಮಾಡಬಾರದು ಎನ್ನುವುದು ಇದಕ್ಕೇ. ಕೆಲವು ನೂರು ಹಾಳೆಗೊಮ್ಮೆ ಮೂಲೆಗಳಲ್ಲಿ ಕಟ್ಟೆ ಕೊಟ್ಟು ನಡುವೆ ಹಲಗೆ ಹಾಕಿ, ಆಗ ಮೇಲಿನ ಭಾರ ಕೆಳಗಿನ ಹಾಳೆಗೆ ಇಳಿಯುವುದಿಲ್ಲ.

ಮಾಮೂಲಿ ಆಫ್‌ಸೆಟ್ ಮಸಿ ಮೊದಲು ಕಾಗದದೊಳಗೆ ಇಳಿದು ನೆಲೆಸುತ್ತದೆ, ಆಮೇಲೆ ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗುತ್ತದೆ. ಎರಡನೆಯದಕ್ಕೆ ಗಂಟೆಗಟ್ಟಲೆ ಹೊತ್ತು ಬೇಕು. ಯುವಿ ಮಸಿಯಾದರೆ ದೀಪದಡಿ ದಾಟುವಷ್ಟರಲ್ಲೇ ಗಟ್ಟಿಯಾಗಿ ಬರುತ್ತದೆ, ಕಾಯುವ ಮಾತಿಲ್ಲ. ನೀರಿನ ಕೋಟಿಂಗ್ ಕೊಟ್ಟ ಕೆಲಸವೂ ಬೇಗ ಕೈಗೆ ಸಿಗುತ್ತದೆ.

ಒಣಗಿದೆಯೋ ಇಲ್ಲವೋ ಎಂದು ಮೇಲಿನ ಹಾಳೆ ಮುಟ್ಟಿ ಹೇಳಬೇಡಿ. ಅದಕ್ಕೆ ಗಾಳಿ ಧಾರಾಳ ಸಿಕ್ಕಿರುತ್ತದೆ. ಅಟ್ಟಿಯ ನಡುವಿನಿಂದ ಒಂದು ಹಾಳೆ ಎಳೆಯಿರಿ. ಬಣ್ಣ ಅತಿ ದಟ್ಟವಾಗಿರುವ ಕಡೆ ಬಿಳಿ ಕಾಗದದ ತುಂಡು ಇಟ್ಟು ಹೆಬ್ಬೆರಳಿಂದ ಒತ್ತಿ ಉಜ್ಜಿ. ಬಿಳಿ ಕಾಗದಕ್ಕೆ ಬಣ್ಣ ಬಂದರೆ ಇನ್ನೂ ಕಾಯಿರಿ. ಹಾಳೆ ತಿರುವಿ ಹಿಂಭಾಗವನ್ನೂ ನೋಡಿ.

ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಕಡುನೀಲಿ ತುಂಬಿದ ಒಂದು ರಕ್ಷಾಪುಟದ ಕೆಲಸವಿತ್ತು. ಮೇಲಿನ ಹಾಳೆ ಕೈಗೆ ಅಂಟುತ್ತಿರಲಿಲ್ಲ. ನೇರ ಜಾಗರ್ (ಹಾಳೆಗಳನ್ನು ನಡುಗಿಸಿ ಸಾಲಿಗೆ ತರುವ ಮೇಜು) ಮೇಲೆ ಹಾಕಿದೆವು. ಐದು ನಿಮಿಷ ನಡುಗಿದ ಮೇಲೆ ತೆಗೆದು ನೋಡಿದರೆ ಪ್ರತಿ ಹಾಳೆಯ ಹಿಂಭಾಗದಲ್ಲೂ ತೆಳು ನೀಲಿ ಮಂಜು. ಒತ್ತಿದರೆ ಅಂಟದ ಮಸಿ ಉಜ್ಜಿದರೆ ಬರುತ್ತದೆ, ಜಾಗರ್ ಮಾಡುವುದು ಉಜ್ಜುವ ಕೆಲಸವನ್ನೇ. ಆ ಇಡೀ ಅಟ್ಟಿ ಮತ್ತೆ ಅಚ್ಚಾಯಿತು. ಅಂದಿನಿಂದ ಹೆಬ್ಬೆರಳ ಪರೀಕ್ಷೆ ಮಾಡದೆ ಯಾವ ಅಟ್ಟಿಯನ್ನೂ ಮುಂದೆ ಕಳಿಸಿಲ್ಲ.

ಕೋಣೆಯ ಹವೆಯೂ ಮುಖ್ಯ. ಕಾಗದವನ್ನು ಪರೀಕ್ಷಿಸಲು ಜಗತ್ತಿನೆಲ್ಲೆಡೆ ಬಳಸುವ ಹದ 23 ಡಿಗ್ರಿ ಸೆಲ್ಸಿಯಸ್, ಶೇ. 50 ತೇವ. ಕೆಲಸದ ಕೋಣೆ ಅದರ ಆಸುಪಾಸಿನಲ್ಲಿದ್ದರೆ ಕಾಗದ ಹೇಳಿದ ಹಾಗೆ ಕೇಳುತ್ತದೆ. ತೇವ ಜಾಸ್ತಿಯಾದರೆ ಅಟ್ಟಿಯ ಅಂಚು ಹಿಗ್ಗಿ ಅಲೆಯಾಗುತ್ತದೆ, ಮಸಿ ನಿಧಾನವಾಗಿ ಒಣಗುತ್ತದೆ. ತೀರಾ ಒಣಗಿದ ಹವೆಯಲ್ಲಿ ಸ್ಥಿರ ವಿದ್ಯುತ್ ಹುಟ್ಟಿ ಹಾಳೆಗೆ ಹಾಳೆ ಅಂಟಿಕೊಳ್ಳುತ್ತದೆ. ಆಗ ನಡುವೆ ಗಾಳಿ ನುಗ್ಗುವುದೇ ಇಲ್ಲ. ಒಣಗಿದ ಅಟ್ಟಿಯನ್ನು ಮರುದಿನದ ತನಕ ಇಡುವುದಾದರೆ ಸುತ್ತಲೂ ಪ್ಲಾಸ್ಟಿಕ್ ಹಾಳೆ ಸುತ್ತಿಡಿ.

ಅಟ್ಟಿ ತಿರುವುವ ಯಂತ್ರ

ಪೈಲ್ ಟರ್ನರ್ ಎಲ್ಲರ ಹತ್ತಿರ ಇರುವುದಿಲ್ಲ. ಇದ್ದರೆ ಬೆನ್ನು ನೋವು ಅರ್ಧ ಕಡಿಮೆ. ಪ್ಯಾಲೆಟ್ ಸಮೇತ ಅಟ್ಟಿಯನ್ನು ಎರಡು ಹಲಗೆಗಳ ನಡುವೆ ಅಮುಕಿ ಹಿಡಿದು 180 ಡಿಗ್ರಿ ಮಗುಚುತ್ತದೆ. ಹಿಂಬದಿ ಅಚ್ಚು ಮಾಡಲು, ಪ್ಯಾಲೆಟ್ ಬದಲಿಸಲು ಇದು ಬೇಕು. ಹಲವು ಯಂತ್ರಗಳಲ್ಲಿ ಬದಿಯಿಂದ ಗಾಳಿ ಊದುವ ತೂತುಗಳೂ ನಡುಗುವ ತಳವೂ ಇರುತ್ತವೆ. ಓರೆಯಾಗಿ ನಿಲ್ಲಿಸಿ ಊದುತ್ತಾ ನಡುಗಿಸಿದರೆ ಇಡೀ ಅಟ್ಟಿ ಒಮ್ಮೆಗೇ ಸಾಲಿಗೆ ಬರುತ್ತದೆ, ಪೌಡರ್ ಕೂಡ ಕೊಡವಿ ಹೋಗುತ್ತದೆ. ಅಮುಕುವ ಒತ್ತಡ ಅಟ್ಟಿ ಜಾರದಷ್ಟು ಇರಲಿ. ಮಸಿ ಎಳೆಯದಾಗಿದ್ದರೆ ಈ ಯಂತ್ರಕ್ಕೆ ಕೊಡಲೇಬೇಡಿ.

ಜಾಗರ್: ಕೈಚಳಕ ಇರುವುದು ಇಲ್ಲಿ

ಜಾಗರ್ ಎಂದರೆ ಒಂದು ಮೂಲೆಯ ಕಡೆಗೆ ವಾಲಿದ, ನಡುಗುವ ಮೇಜು. ಎರಡು ಪಕ್ಕ ಗೋಡೆ ಇರುತ್ತದೆ. ನಡುಕಕ್ಕೆ ಹಾಳೆಗಳು ಒಂದೊಂದಾಗಿ ಜಾರಿ ಆ ಮೂಲೆಗೆ ಬಂದು ಕೂರುತ್ತವೆ. ನೋಡಲು ಇಷ್ಟೇ. ಆದರೆ ಕಟಿಂಗ್ ನೇರ ಬರುವುದು, ಮಡಿಕೆ ಸರಿಯಾಗುವುದು ಈ ಮೇಜಿನ ಮೇಲೆ ನಿರ್ಧಾರವಾಗುತ್ತದೆ.

ಮೊದಲ ಪ್ರಶ್ನೆ: ಯಾವ ಮೂಲೆ? ಅಚ್ಚಿನ ಮಷಿನ್ ಹಾಳೆಯನ್ನು ಯಾವ ಗ್ರಿಪ್ಪರ್ ಅಂಚು, ಯಾವ ಸೈಡ್ ಲೇ (ಹಾಳೆಯನ್ನು ಪಕ್ಕದಿಂದ ಸಾಲಿಗೆ ತರುವ ತಡೆ) ಅಂಚು ಹಿಡಿದು ಅಚ್ಚು ಹಾಕಿತೋ ಅವೆರಡೂ ಸೇರುವ ಮೂಲೆ. ಕಾಗದದ ಹಾಳೆಗಳು ಅಳತೆಯಲ್ಲಿ ಕೂದಲೆಳೆಯಷ್ಟು ಹೆಚ್ಚುಕಮ್ಮಿ ಇರುತ್ತವೆ. ಬೇರೆ ಮೂಲೆಗೆ ಕೂರಿಸಿದರೆ ಕಾಗದದ ಅಂಚು ಸಾಲಾಗಿ ಕಾಣುತ್ತದೆ, ಒಳಗಿನ ಅಚ್ಚು ಹಿಂದುಮುಂದಾಗಿರುತ್ತದೆ. ಎರಡೂ ಕಡೆ ಅಚ್ಚಾದ ಕೆಲಸದಲ್ಲಿ ಇನ್ನೂ ಎಚ್ಚರ ಬೇಕು. ಹಾಳೆಯನ್ನು ಪಕ್ಕಕ್ಕೆ ತಿರುವಿ ಅಚ್ಚು ಮಾಡಿದ್ದರೆ ಗ್ರಿಪ್ಪರ್ ಅಂಚು ಅದೇ ಇರುತ್ತದೆ. ಮುಂದಿನಿಂದ ಹಿಂದಕ್ಕೆ ಮಗುಚಿದ್ದರೆ ಗ್ರಿಪ್ಪರ್ ಅಂಚೇ ಬದಲಾಗಿರುತ್ತದೆ. ಹಾಗಾಗಿ ಡೆಲಿವರಿಯಿಂದ ಅಟ್ಟಿ ಇಳಿಸುವ ಮೊದಲೇ ಆ ಮೂಲೆಯ ಎರಡೂ ಬದಿಗೆ ಮೇಲಿನಿಂದ ಕೆಳಗೆ ಓರೆಯಾಗಿ ಪೆನ್ಸಿಲ್ ಗೆರೆ ಎಳೆಯಿರಿ. ಅಟ್ಟಿ ಎಷ್ಟು ಭಾಗವಾದರೂ ಮೂಲೆ ಯಾವುದೆಂದು ಗೆರೆ ಹೇಳುತ್ತದೆ. ಹಾಳೆ ತಲೆಕೆಳಗಾಗಿದ್ದರೆ, ತಿರುಗಿದ್ದರೆ ಗೆರೆ ಅಲ್ಲಿ ಮುರಿದು ಕಾಣುತ್ತದೆ.

ಈಗ ಹಾಳೆ ಎತ್ತುವುದು. ಮೂರು ನಾಲ್ಕು ಸೆಂ.ಮೀ. ದಪ್ಪದಷ್ಟು ತೆಗೆದುಕೊಳ್ಳಿ, ದುರಾಸೆ ಬೇಡ. ಎದುರು ಬದುರು ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಒಳಕ್ಕೆ ಬಾಗಿಸಿ. ಹೆಬ್ಬೆರಳು ಬಿಗಿ ಹಿಡಿದು ಮತ್ತೆ ನೇರ ಮಾಡಿದರೆ ಹಾಳೆಗಳು ಒಂದರಿಂದ ಒಂದು ಬಿಟ್ಟುಕೊಂಡು ಉಬ್ಬುತ್ತವೆ. ಅಂಚಿನಲ್ಲಿ ಸರ್ರೆಂದು ಸದ್ದಾಗುತ್ತದೆ. ಗಾಳಿ ಒಳಗೆ ಹೋಗುವ ಸದ್ದು ಅದು. ಸದ್ದು ತಡೆತಡೆದು ಬಂದರೆ ಎಲ್ಲೋ ಹಾಳೆ ಅಂಟಿದೆ, ಅಲ್ಲಿ ಬಿಡಿಸಿ ನೋಡಿ. ಹೀಗೆ ಎರಡು ಸಲ ಮಾಡಿ ಮೇಜಿನ ಮೇಲೆ ಸಡಿಲವಾಗಿ ಬಿಡಿ. ಊದುವ ಸೌಲಭ್ಯ ಇರುವ ಜಾಗರ್ ಆದರೆ ಆ ಕೊಳವೆಗಳನ್ನು ಗೋಡೆ ಇಲ್ಲದ ಕಡೆಯಿಂದ ತೆರೆಯಿರಿ.

ನಡುಕವನ್ನು ಕಡಿಮೆಯಿಂದ ಶುರು ಮಾಡಿ. ತೆಳು ಕಾಗದಕ್ಕೆ ಜೋರು ನಡುಕ ಕೊಟ್ಟರೆ ಗೋಡೆಗೆ ತಾಗಿದ ಅಂಚು ಸುರುಳಿಯಾಗುತ್ತದೆ. ದಪ್ಪ ಬೋರ್ಡಿಗೆ ಜೋರಾಗಿಯೇ ಬೇಕು. ಹಾಳೆಗಳು ನೀರಿನ ಹಾಗೆ ಹರಿದು ಮೂಲೆಗೆ ಇಳಿಯುವ ಒಂದು ಹದ ಇರುತ್ತದೆ. ಆ ಹದ ಸಿಕ್ಕಿದ ಮೇಲೆ ಗುಂಡಿ ಮುಟ್ಟಬೇಡಿ. ಹತ್ತಿಪ್ಪತ್ತು ಸೆಕೆಂಡು ಸಾಕಾಗುತ್ತದೆ, ಅದಕ್ಕಿಂತ ಜಾಸ್ತಿ ನಡುಗಿಸಿದರೆ ಉಜ್ಜಾಟ ಮಾತ್ರ.

ನಡುಕ ನಿಲ್ಲಿಸಿದ ಮೇಲೆ ಹೊಸಬರು ಮರೆಯುವ ಹೆಜ್ಜೆ ಇದೆ. ಹಾಳೆಗಳ ನಡುವೆ ನಾವೇ ತುಂಬಿದ ಗಾಳಿ ಇನ್ನೂ ಅಲ್ಲೇ ಇದೆ. ಹಾಗೇ ಎತ್ತಿದರೆ ಎಲ್ಲ ಜಾರುತ್ತದೆ. ಕೂಡಿದ ಮೂಲೆಯಿಂದ ಶುರು ಮಾಡಿ ಎದುರು ಮೂಲೆಯ ಕಡೆಗೆ ಅಂಗೈಯಿಂದ ಒತ್ತುತ್ತಾ ಸವರಿ. ರೋಲರ್ ಇರುವ ಜಾಗರ್‌ನಲ್ಲಿ ಅದೇ ಈ ಕೆಲಸ ಮಾಡುತ್ತದೆ. ದಿಕ್ಕು ಉಲ್ಟಾ ಆಗಬಾರದು, ಉಲ್ಟಾ ಆದರೆ ಗಾಳಿ ಮೂಲೆಗೆ ಸಿಕ್ಕಿಕೊಂಡು ಅಲ್ಲೇ ಹಾಳೆಗಳನ್ನು ತಳ್ಳುತ್ತದೆ. ಗಾಳಿ ಪೂರ್ತಿ ಹೋದ ಹಾಳೆಗಳು ಹಲಗೆಯ ಹಾಗೆ ಒಂದೇ ತುಂಡಾಗಿ ಎದ್ದು ಬರುತ್ತವೆ. ಆ ಗಟ್ಟಿತನ ಕೈಗೆ ಒಮ್ಮೆ ಗೊತ್ತಾದರೆ ಸಾಕು, ಮತ್ತೆ ಯಾರೂ ಹೇಳಿಕೊಡಬೇಕಾಗಿಲ್ಲ.

ಎಣಿಕೆ

500 ಹಾಳೆಗೆ ಒಂದು ರೀಮು. ಅಚ್ಚಿನ ಮಷಿನ್‌ನ ಮೀಟರ್ ನಂಬಿ ಕಟ್ಟು ಕಟ್ಟಬೇಡಿ, ತೆಗೆದು ಹಾಕಿದ ಹಾಳೆಗಳೂ ಆ ಲೆಕ್ಕದಲ್ಲಿರುತ್ತವೆ. ಡೆಲಿವರಿಯಲ್ಲೇ ಇಂತಿಷ್ಟು ಹಾಳೆಗೊಂದು ಕಾಗದದ ಚೀಟಿ ತೂರಿಸುವ ಯಂತ್ರ ಇದ್ದರೆ ಒಳ್ಳೆಯದು, ಚೀಟಿ ಕಂಡಲ್ಲಿ ಬೇರೆ ಮಾಡಿದರಾಯಿತು. ಮೂಲೆಯನ್ನು ಹೀರಿ ಹಾಳೆ ಹಾಳೆಯಾಗಿ ಬಿಡಿಸಿ ಎಣಿಸುವ ಯಂತ್ರಗಳು ನಿಖರವಾಗಿರುತ್ತವೆ. ತೂಕದಿಂದ ಎಣಿಸುವವರು ಅದೇ ಅಟ್ಟಿಯ 100 ಹಾಳೆ ಕೈಯಲ್ಲಿ ಎಣಿಸಿ ತೂಗಿ, ಅದನ್ನೇ ಅಳತೆ ಇಟ್ಟುಕೊಳ್ಳಿ. ಕಾಗದ ತೇವ ಹೀರಿದರೆ ತೂಕ ಬದಲಾಗುತ್ತದೆ, ಹಾಗಾಗಿ ನಿನ್ನೆಯ ಅಳತೆ ಇವತ್ತಿಗೆ ಬೇಡ. ಎತ್ತರ ನೋಡಿ ಎಣಿಸುವುದಂತೂ ಬೇಡವೇ ಬೇಡ. ಒಳಗೆ ಉಳಿದ ಗಾಳಿಯೂ ಎತ್ತರದಲ್ಲಿ ಸೇರಿಕೊಂಡಿರುತ್ತದೆ.

ಮಡಿಸಿದ ಫಾರಂ ಪೇರಿಸುವ ಸ್ಟ್ಯಾಕರ್

ಬಿಡಿ ಹಾಳೆ ಒಂದು ಕತೆಯಾದರೆ ಮಡಿಸಿದ ಫಾರಂ ಇನ್ನೊಂದು ಕತೆ. ಫಾರಂ ಎಂದರೆ ದೊಡ್ಡ ಹಾಳೆಯನ್ನು ಮಡಿಸಿ ಮಾಡಿದ ಪುಸ್ತಕದ ಒಂದು ಕಂತು. 16 ಪುಟದ ಫಾರಂ ತೆಗೆದುಕೊಳ್ಳಿ. ತೆರೆದ ಬಾಯಿ ಕಡೆ ಎಂಟು ಎಲೆ ಸುಮ್ಮನೆ ಮಲಗಿರುತ್ತದೆ. ಬೆನ್ನಿನ ಕಡೆ ಮಡಿಕೆಯ ಉಬ್ಬು ಇರುತ್ತದೆ, ಅದರೊಳಗೆ ಗಾಳಿ ಸಿಕ್ಕಿಕೊಂಡಿರುತ್ತದೆ. ಬೆನ್ನು ಬಾಯಿಗಿಂತ 0.2 ಮಿ.ಮೀ. ದಪ್ಪ ಎಂದಿಟ್ಟುಕೊಳ್ಳಿ. ಒಂದರಲ್ಲಿ ಅದು ಲೆಕ್ಕಕ್ಕೇ ಇಲ್ಲ. ಬೆನ್ನೆಲ್ಲ ಒಂದೇ ಕಡೆ ಇಟ್ಟು 50 ಪೇರಿಸಿದರೆ ಒಂದು ಪಕ್ಕ 10 ಮಿ.ಮೀ. ಎತ್ತರವಾಗುತ್ತದೆ. ಕಟ್ಟು ಓರೆಯಾಗಿ ನಿಂತು ಜಾರುತ್ತದೆ.

ಇದಕ್ಕೆ ಉತ್ತರ ಕಾಂಪೆನ್ಸೇಟಿಂಗ್ ಸ್ಟ್ಯಾಕರ್. ಫೋಲ್ಡಿಂಗ್ ಮಷಿನ್‌ನಿಂದ ಅಥವಾ ಪತ್ರಿಕೆಯ, ಸುರುಳಿ ಕಾಗದದ ಮೇಲೆ ಅಚ್ಚು ಹಾಕುವ ವೆಬ್ ಮಷಿನ್‌ನಿಂದ ಪ್ರತಿಗಳು ಮೀನಿನ ಹುರುಪೆಯ ಹಾಗೆ ಒಂದರ ಮೇಲೊಂದು ಅರ್ಧ ಹೊದ್ದು ಬೆಲ್ಟಿನ ಮೇಲೆ ಬರುತ್ತವೆ. ಲೇಸರ್ ಕಣ್ಣು ಮಡಿಕೆಯ ಅಂಚುಗಳನ್ನು ಎಣಿಸುತ್ತದೆ. ಹೇಳಿದ ಎಣಿಕೆ ತುಂಬಿದ ಕೂಡಲೇ ತಡೆಯುವ ಬೆರಳುಗಳು ಚಾಚಿ ಮುಂದಿನ ಪ್ರತಿಗಳನ್ನು ಮೇಲೆ ಹಿಡಿಯುತ್ತವೆ. ಅಷ್ಟರಲ್ಲಿ ಕೆಳಗಿನ ಗುಂಪು ತಿರುಗುವ ಮೇಜಿನ ಮೇಲೆ ಇಳಿದು 180 ಡಿಗ್ರಿ ತಿರುಗುತ್ತದೆ. ಮುಂದಿನ ಗುಂಪು ಅದರ ಮೇಲೆ ಕೂರುತ್ತದೆ. ಬೆನ್ನು ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ಬಂದು ಕಟ್ಟು ಸಮವಾಗುತ್ತದೆ. ತುಂಬಿದ ಕಟ್ಟನ್ನು ತಳ್ಳುಗೈ ಹೊರಗೆ ದೂಡುತ್ತದೆ.

ಹೊಂದಿಸುವ ಕ್ರಮ ಹೀಗೆ. ಮೊದಲು ಅಗಲ, ಉದ್ದದ ಗೋಡೆಗಳನ್ನು ಪ್ರತಿಯ ಅಳತೆಗೆ ತನ್ನಿ, ಒಂದೆರಡು ಮಿ.ಮೀ. ಸಡಿಲ ಇರಲಿ. ಆಮೇಲೆ ಬೆಲ್ಟಿನ ವೇಗ. ಪ್ರತಿಗಳ ನಡುವಿನ ಅಂತರ ಒಂದೇ ಸಮ ಬಂದರೆ ಮಾತ್ರ ಲೇಸರ್ ಎಣಿಕೆ ತಪ್ಪುವುದಿಲ್ಲ. ಎರಡು ಪ್ರತಿ ಒಂದೇ ಜಾಗದಲ್ಲಿ ಕೂತರೆ ಅದಕ್ಕೆ ಒಂದೇ ಅಂಚು ಕಾಣುತ್ತದೆ. ಸ್ಟ್ಯಾಕರ್ ಮುಂದೆ ಇರುವ ಒತ್ತು ರೋಲರ್ ಸಡಿಲ ಬಿಡಬೇಡಿ, ಮಡಿಕೆಯೊಳಗಿನ ಗಾಳಿ ತೆಗೆಯುವುದು ಅದೇ. ಕೊನೆಗೆ ಗುಂಪಿನ ಲೆಕ್ಕ. ಒಂದೊಂದನ್ನೂ ತಿರುಗಿಸಬೇಕಾಗಿಲ್ಲ. 50ರ ಕಟ್ಟಿಗೆ 25 ಒಂದು ಕಡೆ, 25 ಇನ್ನೊಂದು ಕಡೆ ಸಾಕು. ದಪ್ಪ ಫಾರಂ ಆದರೆ ಹತ್ತು ಹತ್ತರಂತೆ ತಿರುಗಿಸಿ.

ಮೊದಲ ಐದು ಕಟ್ಟನ್ನು ಕೈಯಲ್ಲಿ ಎಣಿಸಿ. ಸರಿ ಬಂದರೆ ಆಮೇಲೆ ಗಂಟೆಗೊಂದು ಕಟ್ಟು ಎಣಿಸಿದರೆ ಸಾಕು. ಎಣಿಕೆ ಇದ್ದಕ್ಕಿದ್ದ ಹಾಗೆ ತಪ್ಪತೊಡಗಿದರೆ ಯಂತ್ರವನ್ನು ಬೈಯುವ ಮೊದಲು ಲೇಸರಿನ ಗಾಜು ಒರೆಸಿ. ಕಾಗದದ ಧೂಳು, ಪೌಡರ್ ಅಲ್ಲಿ ಕೂತಿರುತ್ತದೆ.

ಯಂತ್ರ ಕೊಳ್ಳುವವರು ಇಲ್ಲೊಂದು ಲೆಕ್ಕ ಮಾಡಲೇಬೇಕು. ಗಂಟೆಗೆ 12,000 ಪ್ರತಿ ಬರುತ್ತಿದ್ದು, ಕಟ್ಟಿಗೆ 50 ಎಂದರೆ ಗಂಟೆಗೆ 240 ಕಟ್ಟು, 15 ಸೆಕೆಂಡಿಗೊಂದು. 25ರ ಗುಂಪಾದರೆ ಮೇಜು ಏಳೂವರೆ ಸೆಕೆಂಡಿಗೊಮ್ಮೆ ತಿರುಗಬೇಕು. ಮುಂದೆ ಪಟ್ಟಿ ಬಿಗಿಯುವವರಿಗೂ ಸಿಗುವುದು ಅದೇ 15 ಸೆಕೆಂಡು, ಅದರಲ್ಲಿ ಅಡ್ಡ ಒಂದು, ಉದ್ದ ಒಂದು ಪಟ್ಟಿ. ಕೈಯಿಂದ ಪಟ್ಟಿ ತೂರಿಸುವ ಮೇಜಿನಲ್ಲಿ ಒಬ್ಬರೇ ಇಡೀ ದಿನ ಆ ವೇಗ ಹಿಡಿಯುವುದು ಆಗದ ಮಾತು. ವೇಗದ ಸ್ಟ್ಯಾಕರ್ ತಂದು ಮುಂದೆ ನಿಧಾನದ ಮೇಜು ಇಟ್ಟರೆ ಕಟ್ಟುಗಳು ನೆಲದ ಮೇಲೆ ರಾಶಿ ಬೀಳುತ್ತವೆ. ಸಾಲಿನಲ್ಲಿ ಅತಿ ನಿಧಾನದ ಯಂತ್ರ ಯಾವುದೋ ಅದೇ ಇಡೀ ಸಾಲಿನ ವೇಗ.

ಇನ್ನು ಸುರಕ್ಷತೆ. ತಳ್ಳುಗೈ, ತಿರುಗುವ ಮೇಜು, ತಡೆಬೆರಳು ಇವು ಗಾಳಿಯ ಒತ್ತಡದಿಂದ ಕೆಲಸ ಮಾಡುವ ಯಂತ್ರಗಳೇ ಹೆಚ್ಚು. ಕರೆಂಟ್ ತೆಗೆದ ಮೇಲೂ ಒಳಗೆ ಒತ್ತಡ ಉಳಿದಿರುತ್ತದೆ. ಸಿಕ್ಕಿಕೊಂಡ ಪ್ರತಿಯನ್ನು ತೆಗೆಯುತ್ತಿದ್ದಂತೆ ತಳ್ಳುಗೈ ಬಿಟ್ಟ ಬಾಣದ ಹಾಗೆ ಬರಬಹುದು. ಹಾಗಾಗಿ ಕೈ ಹಾಕುವ ಮೊದಲು ಮೇನ್ ಆಫ್ ಮಾಡಿ, ಗಾಳಿಯ ವಾಲ್ವ್ ಮುಚ್ಚಿ, ಒಳಗಿನ ಒತ್ತಡ ಹೊರಬಿಡಿ, ಬೇರೆಯವರು ಆನ್ ಮಾಡದಂತೆ ಬೀಗ ಹಾಕಿ. ಬಾಗಿಲ ಸ್ವಿಚ್ಚಿಗೆ ಟೇಪು ಸುತ್ತಿ ತೆರೆದ ಯಂತ್ರ ಓಡಿಸುವುದನ್ನು ನೋಡಿದ್ದೇನೆ. ದಯವಿಟ್ಟು ಬೇಡ. ಉಳಿಯುವುದು ಎರಡು ನಿಮಿಷ, ಹೋದರೆ ಬೆರಳು. ಸಡಿಲ ತೋಳಿನ ಬಟ್ಟೆ, ಕೊರಳಲ್ಲಿ ನೇತಾಡುವ ದಾರ, ಬಿಚ್ಚಿದ ಉದ್ದ ಕೂದಲು ಬೆಲ್ಟಿನ ಹತ್ತಿರ ಬರಬಾರದು.

ಉದ್ದ ದಿಮ್ಮಿಯಾಗಿ ಕಟ್ಟುವ ಬಂಡ್ಲರ್

ಪುಸ್ತಕದ ಫಾರಂಗಳನ್ನು ಕೆಲವು ದಿನ ಇಟ್ಟು ಆಮೇಲೆ ಜೋಡಿಸುವುದಾದರೆ ಈ ಯಂತ್ರ ತುಂಬಾ ಉಪಕಾರಿ. ಫಾರಂಗಳನ್ನು ಮಲಗಿಸದೆ ಅಂಚಿನ ಮೇಲೆ ನಿಲ್ಲಿಸಿ, ಕಪಾಟಿನ ಪುಸ್ತಕಗಳ ಹಾಗೆ ಒಂದರ ಹಿಂದೊಂದು ತುಂಬುತ್ತಾ ಹೋಗುತ್ತದೆ. ಎರಡು ತುದಿಗೂ ಮರದ ಹಲಗೆ ಇಟ್ಟು ಎದುರು ಬದುರಿನಿಂದ ಅಮುಕುತ್ತದೆ, ಅಮುಕಿದ ಸ್ಥಿತಿಯಲ್ಲೇ ಪಟ್ಟಿ ಬಿಗಿಯುತ್ತದೆ. ಮಡಿಕೆಯೊಳಗಿನ ಗಾಳಿಯೆಲ್ಲ ಹೊರಗೆ ಹೋಗಿ ಗಟ್ಟಿ ದಿಮ್ಮಿಯಾಗುತ್ತದೆ.

ಹಲಗೆ ಫಾರಂ ಅಳತೆಯದೇ ಆಗಿರಬೇಕು. ಚಿಕ್ಕದಾದರೆ ಅಂಚು ಹೂವಿನ ಎಸಳಿನ ಹಾಗೆ ಹೊರಳುತ್ತದೆ, ದೊಡ್ಡದಾದರೆ ಪಟ್ಟಿ ಫಾರಂನ ಹತ್ತಿರ ಬರದೆ ನಡುವೆ ಸಡಿಲ ಉಳಿಯುತ್ತದೆ. ಒತ್ತಡ ಎಷ್ಟು ಎಂಬುದಕ್ಕೆ ಒಂದು ಪರೀಕ್ಷೆ: ಕಟ್ಟಿದ ದಿಮ್ಮಿಯ ನಡುವೆ ಬೆರಳಿಟ್ಟು ತಳ್ಳಿ. ಒಳಕ್ಕೆ ಹೋದರೆ ಸಡಿಲ. ಬಿಚ್ಚಿದಾಗ ಫಾರಂಗಳು ಒಂದಕ್ಕೊಂದು ಅಂಟಿ ಬಂದರೆ, ಮಸಿ ಕೂತಿದ್ದರೆ ಒತ್ತಡ ಜಾಸ್ತಿ. ಬಿಚ್ಚುವಾಗ ಮತ್ತೆ ಒಂದು ಸಲ ಕೈಯಿಂದ ಗಾಳಿ ಆಡಿಸಿ ಜೋಡಿಸುವ ಯಂತ್ರಕ್ಕೆ ಹಾಕಿ, ಇಲ್ಲವಾದರೆ ಎರಡೆರಡು ಫಾರಂ ಒಟ್ಟಿಗೆ ಎಳೆಯುತ್ತದೆ.

ಪಟ್ಟಿ, ಕಾಗದದ ಬ್ಯಾಂಡ್, ಶ್ರಿಂಕ್ ಫಿಲ್ಮ್

ಏನಿಂದ ಕಟ್ಟಬೇಕು ಎನ್ನುವುದು ಮಾಲು ನೋಡಿ. ಲೇಬಲ್, ಕರಪತ್ರ, ಕಾರ್ಡುಗಳಂಥ ಸಣ್ಣ ಮಾಲಿಗೆ ಎರಡು ಮೂರು ಸೆಂ.ಮೀ. ಅಗಲದ ಕಾಗದದ ಬ್ಯಾಂಡ್ ಸಾಕು. ಅಗಲ ಇರುವುದರಿಂದ ಅಂಚು ಕೊರೆಯುವುದಿಲ್ಲ. ದೂರ ಹೋಗುವ, ಮಳೆ ಧೂಳು ಕಾಣುವ ಕಟ್ಟಿಗೆ ಬಿಸಿಗೆ ಕುಗ್ಗಿ ಬಿಗಿಯುವ ಶ್ರಿಂಕ್ ಫಿಲ್ಮ್. ಆದರೆ ಮಸಿ ಪೂರ್ತಿ ಒಣಗದೆ ಫಿಲ್ಮಿನಲ್ಲಿ ಮುಚ್ಚಿ ಬಿಸಿ ಗೂಡಿಗೆ ಕಳಿಸಬೇಡಿ. ಗಾಳಿ ಸಿಗದೆ ಒಳಗೇ ಹಾಳೆ ಅಂಟಿಕೊಳ್ಳುತ್ತದೆ. ಭಾರದ ಕಟ್ಟಿಗೆ ಪಾಲಿಪ್ರೊಪಿಲೀನ್ ಪಟ್ಟಿ.

ಪಟ್ಟಿ ಯಂತ್ರ ಕಟ್ಟಿನ ಸುತ್ತ ಪಟ್ಟಿ ತಂದು, ಎಳೆದು ಬಿಗಿ ಮಾಡಿ, ಎರಡು ತುದಿಯನ್ನು ಬಿಸಿ ಅಲಗಿನಿಂದ ಕರಗಿಸಿ ಒತ್ತಿ ಬೆಸೆಯುತ್ತದೆ. ಇಲ್ಲಿ ಎಲ್ಲರೂ ಮಾಡುವ ತಪ್ಪು ಒಂದಿದೆ. ಕಟ್ಟು ಸಡಿಲ ಎನಿಸಿದರೆ ಬಿಗಿ ಹೆಚ್ಚಿಸುತ್ತಾರೆ. ಅಂಚು ಹರಿಯುತ್ತದೆ, ಕಟ್ಟು ಮಾತ್ರ ಅರ್ಧ ಗಂಟೆಯಲ್ಲಿ ಮತ್ತೆ ಸಡಿಲ. ಯಾಕೆಂದರೆ ಒಳಗಿನ ಗಾಳಿ ಆಮೇಲೆ ನಿಧಾನವಾಗಿ ಹೊರಗೆ ಬಂದಿರುತ್ತದೆ. ಗಾಳಿ ತೆಗೆಯುವುದು ಪಟ್ಟಿಯ ಕೆಲಸವಲ್ಲ. ಪಟ್ಟಿ ಬಿಗಿಯುವ ಮೊದಲು ಮೇಲಿಂದ ಅಮುಕು ಪ್ಲೇಟ್ ಇಳಿಸಿ, ಒಂದು ಉಸಿರು ಹೊತ್ತು ಹಿಡಿದು, ಆಮೇಲೆ ಸಾಧಾರಣ ಬಿಗಿಯಲ್ಲಿ ಪಟ್ಟಿ ಹಾಕಿ. ಪ್ಲೇಟ್ ಇಲ್ಲದ ಮೇಜಾದರೆ ಕೈಯಿಂದಲೇ ಒತ್ತಿ, ಆದರೆ ಕೈ ಪಟ್ಟಿಯ ದಾರಿಯಿಂದ ದೂರ ಇರಲಿ. ಮೇಲೆ ಕೆಳಗೆ ಒಂದೊಂದು ದಪ್ಪ ರಟ್ಟು ಇಟ್ಟರೆ ಪಟ್ಟಿಯ ಗುರುತು ರಟ್ಟಿನ ಮೇಲೆ ಬೀಳುತ್ತದೆ, ಮಾಲಿನ ಮೇಲಲ್ಲ.

ಬೆಸುಗೆ ನೋಡಲು ಮೊದಲ ಪಟ್ಟಿಯನ್ನು ಕತ್ತರಿಸಿ, ಬೆಸೆದ ಜಾಗವನ್ನು ಎರಡೂ ಕೈಯಲ್ಲಿ ಎಳೆಯಿರಿ. ಸಲೀಸಾಗಿ ಬಿಟ್ಟುಕೊಂಡರೆ ಬಿಸಿ ಕಡಿಮೆ. ಬೆಸುಗೆಯ ಪಕ್ಕ ಪಟ್ಟಿ ಕರಗಿ ತೆಳುವಾಗಿದ್ದರೆ ಬಿಸಿ ಜಾಸ್ತಿ. ಪಟ್ಟಿಯ ಪುಡಿ ತಲೆಯೊಳಗೆ ಸೇರುತ್ತದೆ, ಪ್ರತಿ ಸುರುಳಿ ಬದಲಿಸುವಾಗ ಬ್ರಷ್ಷಿನಿಂದ ತೆಗೆಯಿರಿ. ಬಿಗಿದ ಪಟ್ಟಿ ಕತ್ತರಿಸುವಾಗ ಮುಖ ಪಕ್ಕಕ್ಕೆ ಇರಲಿ, ತುದಿ ಚಾಟಿಯ ಹಾಗೆ ಹಾರುತ್ತದೆ.

ಕಟ್ಟಿನ ತೂಕವನ್ನೂ ಮೊದಲೇ ಲೆಕ್ಕ ಹಾಕಿ. 130 ಜಿಎಸ್‌ಎಂ ಎ4 ಹಾಳೆ 8 ಗ್ರಾಂಗೆ ಸ್ವಲ್ಪ ಮೇಲೆ, ಸಾವಿರ ಹಾಳೆ 8 ಕಿಲೋ, ಎತ್ತರ ಸುಮಾರು 10 ಸೆಂ.ಮೀ. ಒಬ್ಬರು ದಿನವಿಡೀ ಎತ್ತಿ ಇಡಲು ಇದು ತಕ್ಕ ಕಟ್ಟು. ಎರಡು ಸಾವಿರದ್ದು ಮಾಡಿದರೆ ಪಟ್ಟಿ ಉಳಿಯುತ್ತದೆ, ಎತ್ತುವವರ ಸೊಂಟ ಉಳಿಯುವುದಿಲ್ಲ.

ಪ್ಯಾಲೆಟ್ ಮೇಲೆ

ಕಟ್ಟುಗಳನ್ನು ಇಟ್ಟಿಗೆ ಕಟ್ಟುವ ಹಾಗೆ ಸಂದು ತಪ್ಪಿಸಿ ಇಡಿ, ಪ್ಯಾಲೆಟ್ ಅಂಚಿನಿಂದ ಹೊರಗೆ ಚಾಚದಿರಲಿ. ನಾಲ್ಕೈದು ವರಸೆಗೊಂದು ದಪ್ಪ ಕಾಗದ ಹಾಸಿದರೆ ಜಾರುವುದಿಲ್ಲ. ಫಿಲ್ಮ್ ಸುತ್ತುವಾಗ ಮೊದಲ ಸುತ್ತು ಪ್ಯಾಲೆಟ್‌ನ ಮರವನ್ನೂ ಹಿಡಿಯಬೇಕು, ಇಲ್ಲವಾದರೆ ತಿರುವಿನಲ್ಲಿ ಮಾಲು ಒಂದು ಕಡೆ, ಪ್ಯಾಲೆಟ್ ಒಂದು ಕಡೆ.

ಚೀಟಿ ಹಚ್ಚುವಾಗ ಕೆಲಸದ ಹೆಸರು, ಕಟ್ಟಿಗೆಷ್ಟು, ಒಟ್ಟು ಕಟ್ಟು ಎಷ್ಟು, ಕಟ್ಟಿದ ದಿನ ಮತ್ತು ಹೊತ್ತು ಬರೆಯಿರಿ. ಎಣಿಕೆ ತುಂಬದ ಕೊನೆಯ ಕಟ್ಟನ್ನು ಎಲ್ಲಕ್ಕಿಂತ ಮೇಲೆ ಇಟ್ಟು, ಅದರಲ್ಲಿ ಎಷ್ಟಿದೆ ಎಂದು ಅದಕ್ಕೇ ಬೇರೆ ಚೀಟಿ ಹಚ್ಚಿ. ಬಿಚ್ಚುವವರು ಮೊದಲು ಹುಡುಕುವುದು ಅದನ್ನೇ.